ಪಾಸ್‌ವರ್ಡ್ ಬದಲಿಸಿದರೂ ಒಳಗೇ ಇದ್ದವನು: ಒಂದು ಮನೆ ಕಂಪ್ಯೂಟರಿನ ಪ್ರಕರಣ

"ಎರಡು ಸಲ ಪಾಸ್‌ವರ್ಡ್ ಬದಲಿಸಿದೆ ಕಣೋ. ಆದ್ರೂ ನನ್ನ ಹೆಸರಲ್ಲಿ ಯಾರೋ ಮೆಸೇಜ್ ಕಳಿಸ್ತಾನೇ ಇದಾರೆ."

ಮಂಗಳವಾರ ಬೆಳಿಗ್ಗೆ ಅಕ್ಕ ಫೋನಿನಲ್ಲಿ ಹೇಳಿದ ಮೊದಲ ಮಾತು ಇದು. ಅವಳು ಅನುವಾದದ ಕೆಲಸ ಮಾಡುತ್ತಾಳೆ, ದಿನವಿಡೀ ಕಂಪ್ಯೂಟರಿನ ಮುಂದೆಯೇ ಇರುವವಳು. ಭಾನುವಾರ ನಸುಕಿನಲ್ಲಿ ಅವಳ ಫೋಟೋ ಹಂಚುವ ಖಾತೆಯಿಂದ ಗೆಳತಿಯರಿಗೆಲ್ಲ ಹಣ ದುಪ್ಪಟ್ಟಾಗುವ ಯಾವುದೋ ಯೋಜನೆಯ ಸಂದೇಶ ಹೋಗಿತ್ತು. ಸೋಮವಾರ ಮಧ್ಯಾಹ್ನ ಒಬ್ಬರು ತಿಳಿಸಿದ ಕೂಡಲೇ ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು: ಎದುರಿಗಿದ್ದ ಲ್ಯಾಪ್‌ಟಾಪಿನಲ್ಲೇ ಪಾಸ್‌ವರ್ಡ್ ಬದಲಿಸಿದಳು. ರಾತ್ರಿ ಮತ್ತೆ ಸಂದೇಶ ಹೋಯಿತು. ಮತ್ತೆ ಬದಲಿಸಿದಳು. ಆಂಟಿವೈರಸ್ ಓಡಿಸಿ ನೋಡಿದಳು. ಏನೂ ಇಲ್ಲ ಎಂದಿತು.

ಇದನ್ನು ಪೂರ್ತಿಯಾಗಿ ಬರೆದಿಡಲು ಕಾರಣವಿದೆ. ಅಕ್ಕ ಮಾಡಿದ ಪ್ರತಿಯೊಂದು ಕೆಲಸವೂ ಮಾಡಬೇಕಾದದ್ದೇ. ಯಾವುದು ಮೊದಲು, ಯಾವುದು ಆಮೇಲೆ, ಯಾವುದನ್ನು ಎಲ್ಲಿ ಕೂತು ಮಾಡಬೇಕು ಎಂಬುದಷ್ಟೇ ತಪ್ಪಿತ್ತು. ಅಷ್ಟರಿಂದಲೇ ಇನ್ನೊಂದು ದಿನ ಕಳ್ಳನ ಕೈಗೆ ಹೋಯಿತು.

ಮೊದಲ ಗಂಟೆ

ಫೋನಿನಲ್ಲೇ ಎರಡು ಮಾತು ಹೇಳಿದೆ. "ಅಕ್ಕಾ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡು. ಆಮೇಲೆ ಅದರಲ್ಲಿ ಇನ್ನೊಂದು ಪಾಸ್‌ವರ್ಡನ್ನೂ ಟೈಪ್ ಮಾಡ್ಬೇಡ." ಏನನ್ನೂ ಅಳಿಸಬೇಡ ಎಂದೂ ಸೇರಿಸಿದೆ. ಗಾಬರಿಯಲ್ಲಿ ಅನುಮಾನ ಬಂದದ್ದನ್ನೆಲ್ಲ ಅಳಿಸಿಬಿಟ್ಟರೆ ಏನು ನಡೆಯಿತೆಂದು ತಿಳಿಯುವ ದಾರಿಯೂ ಅಳಿಸಿಹೋಗುತ್ತದೆ. ಏನು ನಡೆಯಿತೆಂದು ತಿಳಿಯದೆ ಏನೇನು ಕಳೆದುಹೋಗಿದೆ ಎಂದು ಲೆಕ್ಕ ಹಾಕಲಾಗದು.

ಮುಂದಿನ ಕೆಲಸವನ್ನೆಲ್ಲ ಅವಳ ಫೋನಿನಲ್ಲಿ, ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಮಾಡಿದೆವು. ಶುರು ಮಾಡಿದ್ದು ಸಂದೇಶ ಹೋಗುತ್ತಿದ್ದ ಖಾತೆಯಿಂದಲ್ಲ, ಮೇಲ್ ಖಾತೆಯಿಂದ. ಅಕ್ಕನಿಗೆ ಇದು ವಿಚಿತ್ರವೆನಿಸಿತು. "ಮೇಲ್‌ನಲ್ಲಿ ಏನೂ ಆಗಿಲ್ವಲ್ಲೋ" ಎಂದಳು. ಆದರೆ ಮಿಕ್ಕ ಖಾತೆಗಳ 'ಪಾಸ್‌ವರ್ಡ್ ಮರೆತಿರಾ' ಎಂಬ ಕೊಂಡಿಗಳೆಲ್ಲ ಬಂದು ಬೀಳುವುದು ಮೇಲ್‌ಗೆ. ಅದು ಕಳ್ಳನ ಕೈಯಲ್ಲಿರುವ ತನಕ ಮತ್ತೊಂದಕ್ಕೆ ಎಷ್ಟು ಬೀಗ ಹಾಕಿದರೂ ಅವನೇ ಕೀಲಿ ತರಿಸಿಕೊಳ್ಳಬಲ್ಲ.

ಮೇಲ್‌ನ ಭದ್ರತೆಯ ಪುಟದಲ್ಲಿ ಲಾಗಿನ್ ಆಗಿರುವ ಸಾಧನಗಳ ಪಟ್ಟಿ ಇರುತ್ತದೆ. ಅಕ್ಕನ ಪಟ್ಟಿಯಲ್ಲಿ ಮೂರಿದ್ದವು. ಒಂದು ಅವಳ ಫೋನು, ಒಂದು ಅವಳ ಲ್ಯಾಪ್‌ಟಾಪು. ಮೂರನೆಯದು ಅವಳು ಯಾವತ್ತೂ ಕಾಲಿಡದ ದೇಶದ ಹೆಸರು ಹೊತ್ತ ಇನ್ನೊಂದು ವಿಂಡೋಸ್ ಕಂಪ್ಯೂಟರ್. ಆ ದೇಶದ ಹೆಸರಿಗೆ ಬೆಲೆ ಕೊಡಬೇಕಾಗಿಲ್ಲ. ಕಳ್ಳರು ಬೇರೆಯವರ ಜಾಲದ ಮರೆಯಲ್ಲಿ ಬರುವುದು ಮಾಮೂಲು. ಮೂರನೆಯದೊಂದು ಇತ್ತು ಎಂಬುದೇ ಸಾಕು.

ಅಲ್ಲಿಂದ ಫಿಲ್ಟರ್‌ಗಳ ಪುಟಕ್ಕೆ ಹೋದೆವು. ಫೋನಿನ ಆ್ಯಪ್‌ನಲ್ಲಿ ಅದು ಕಾಣಲಿಲ್ಲ, ಬ್ರೌಸರಿನಲ್ಲಿ ಡೆಸ್ಕ್‌ಟಾಪ್ ನೋಟ ತೆರೆಯಬೇಕಾಯಿತು. ಅಕ್ಕ ತನ್ನ ಜೀವಮಾನದಲ್ಲಿ ಒಂದು ಫಿಲ್ಟರನ್ನೂ ಮಾಡಿದವಳಲ್ಲ. ಅಲ್ಲೊಂದು ಇತ್ತು: ಪಾಸ್‌ವರ್ಡ್, ಭದ್ರತೆ, ಲಾಗಿನ್, ಕೋಡ್ ಎಂಬರ್ಥದ ಇಂಗ್ಲಿಷ್ ಪದಗಳಿರುವ ಮೇಲ್ ಬಂದರೆ ಓದಿದ್ದೆಂದು ಗುರುತು ಹಾಕಿ ಕಸದ ಬುಟ್ಟಿಗೆ ಕಳಿಸು. "ಏನೂ ಆಗಿಲ್ಲ" ಎಂದು ಅವಳಿಗೆ ಅನ್ನಿಸಿದ್ದು ಇದರಿಂದ. ಕಸದ ಬುಟ್ಟಿ ತೆರೆದಾಗ ಹದಿನಾಲ್ಕು ಎಚ್ಚರಿಕೆಗಳು ಅಲ್ಲಿ ಬಿದ್ದಿದ್ದವು, ಮೊದಲನೆಯದು ಭಾನುವಾರ ನಸುಕಿನ 2.40ರದ್ದು. ಖಾತೆ ಮರಳಿ ಪಡೆಯಲು ಕೊಟ್ಟಿದ್ದ ಎರಡನೇ ಮೇಲ್ ವಿಳಾಸವೂ ಬದಲಾಗಿತ್ತು. ಹೊಸದು ಅವಳದರಂತೆಯೇ ಇತ್ತು, ಒಂದು ಅಕ್ಷರ ಮಾತ್ರ ಹೆಚ್ಚು. ಕಣ್ಣಾಡಿಸಿದರೆ ಗೊತ್ತಾಗುವಂತಿರಲಿಲ್ಲ, ಒಂದೊಂದೇ ಅಕ್ಷರ ಜೋರಾಗಿ ಓದಿಸಿದಾಗ ಸಿಕ್ಕಿತು.

ಫಿಲ್ಟರ್ ತೆಗೆದೆವು, ವಿಳಾಸ ಸರಿಪಡಿಸಿದೆವು. ಬೇರೆಡೆಗೆ ಮೇಲ್ ಕಳಿಸುವ ಫಾರ್ವರ್ಡಿಂಗ್ ಇದೆಯೇ, ಗೊತ್ತಿಲ್ಲದ ಆ್ಯಪ್‌ಗೆ ಅನುಮತಿ ಹೋಗಿದೆಯೇ ಎಂದೂ ನೋಡಿದೆವು. ಆಮೇಲೆ ಹೊಸ ಪಾಸ್‌ವರ್ಡ್, ಎರಡನೇ ಹಂತದ ದೃಢೀಕರಣ, ಎಲ್ಲ ಸಾಧನಗಳಿಂದ ಲಾಗೌಟ್. ಈ ಕೊನೆಯದನ್ನೇ ಅಕ್ಕ ಸೋಮವಾರ ಬಿಟ್ಟಿದ್ದಳು.

ಚೀಟಿ ಕದ್ದವನಿಗೆ ಕೀಲಿ ಬೇಕಿಲ್ಲ

ಒಂದು ತಾಣಕ್ಕೆ ನಾವು ಲಾಗಿನ್ ಆದಾಗ ಅದು ನಮ್ಮ ಬ್ರೌಸರಿಗೆ ಒಂದು ಚೀಟಿ ಕೊಡುತ್ತದೆ. ಬಾಗಿಲಲ್ಲಿ ಒಮ್ಮೆ ಗುರುತು ತೋರಿಸಿದವರಿಗೆ ಕೊಡುವ ಪ್ರವೇಶ ಚೀಟಿಯ ಹಾಗೆ. ಮುಂದೆ ಪುಟ ತೆರೆದಾಗಲೆಲ್ಲ ತಾಣ ಕೇಳುವುದು ಪಾಸ್‌ವರ್ಡನ್ನಲ್ಲ, ಈ ಚೀಟಿಯನ್ನು. ಇದನ್ನೇ ಸೆಷನ್ ಕುಕಿ ಎನ್ನುತ್ತಾರೆ. ಪಾಸ್‌ವರ್ಡೂ ಆರಂಕಿಯ ಕೋಡೂ ದಾಟಿ ಬಂದ ಮೇಲೆ ಕೊಟ್ಟ ಚೀಟಿ ಅದು. ಅದನ್ನು ನಕಲು ಮಾಡಿಕೊಂಡವನಿಗೆ ಎರಡನ್ನೂ ಯಾರೂ ಕೇಳುವುದಿಲ್ಲ. ಪಾಸ್‌ವರ್ಡ್ ಬದಲಿಸಿದ ಕೂಡಲೇ ಹಳೆಯ ಚೀಟಿಗಳನ್ನೆಲ್ಲ ರದ್ದು ಮಾಡುವ ತಾಣಗಳಿವೆ, ಮಾಡದ ತಾಣಗಳೂ ಇವೆ. ಅಕ್ಕನ ಫೋಟೋ ಖಾತೆ ಎರಡನೆಯ ಜಾತಿಯದು.

ಈ ಚೀಟಿಗಳನ್ನು ಕದಿಯುವುದಕ್ಕೆಂದೇ ಇರುವ ಕುತಂತ್ರಾಂಶಗಳನ್ನು ಇನ್ಫೋಸ್ಟೀಲರ್ ಎನ್ನುತ್ತಾರೆ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್, ಕುಕಿ, ತಾನಾಗಿ ತುಂಬಿಕೊಳ್ಳುವ ಹೆಸರು, ವಿಳಾಸ, ಕಾರ್ಡಿನ ವಿವರ, ಪರದೆಯ ಒಂದು ಚಿತ್ರ, ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್‌ನ ಚಿಕ್ಕ ಫೈಲುಗಳು ಎಲ್ಲವನ್ನೂ ಗಂಟು ಕಟ್ಟಿ ಕೆಲವೇ ನಿಮಿಷದಲ್ಲಿ ಕಳಿಸಿಬಿಡುತ್ತವೆ. ಕೆಲಸ ಮುಗಿದ ಮೇಲೆ ತಮ್ಮನ್ನು ತಾವೇ ಅಳಿಸಿಕೊಳ್ಳುವಂಥವೂ ಇವೆ. ಲುಮ್ಮಾ ಎಂಬುದು ಇವುಗಳಲ್ಲಿ ಒಂದು. 2025ರ ಮಾರ್ಚ್ 16ರಿಂದ ಮೇ 16ರವರೆಗಿನ ಎರಡೇ ತಿಂಗಳಲ್ಲಿ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಇದನ್ನು ಗುರುತಿಸಿದ್ದಾಗಿ ಮೈಕ್ರೋಸಾಫ್ಟ್ ಹೇಳಿತು. ನ್ಯಾಯಾಲಯದ ಆದೇಶ ಪಡೆದು ಅದರ ಸುಮಾರು 2,300 ಡೊಮೇನ್‌ಗಳನ್ನು ಕಿತ್ತುಹಾಕಿದ್ದೂ ಆಗಲೇ. ಬ್ರೌಸರ್ ಮಾಡುವವರು ಕೈಕಟ್ಟಿ ಕೂತಿಲ್ಲ. 2024ರ ಜುಲೈನಲ್ಲಿ ಕ್ರೋಮ್ 127 ಬಂದಾಗ ಬೇರೆ ಪ್ರೋಗ್ರಾಂಗಳು ಕುಕಿ ಬಿಚ್ಚದಂತೆ ಹೊಸ ಗೂಢಲಿಪಿ ವ್ಯವಸ್ಥೆ ತಂದರು. ಕೆಲವೇ ತಿಂಗಳಲ್ಲಿ ಕಳ್ಳರು ಅದಕ್ಕೂ ದಾರಿ ಹುಡುಕಿಕೊಂಡರು.

ರನ್ ಡಬ್ಬಿಯ ಸಾಲು

ಸಂಜೆ ಅಕ್ಕನ ಮನೆಗೆ ಹೋದೆ. ನೆಟ್ ಇಲ್ಲದೆ ತೆರೆದೇ ಇದ್ದ ಲ್ಯಾಪ್‌ಟಾಪಿನ ಮುಂದೆ ಕೂತು, ಶನಿವಾರ ಏನೇನು ಮಾಡಿದೆ ಎಂದು ಕೇಳುತ್ತಾ ಹೋದೆ. ಒಂದು ಪಿಡಿಎಫ್ ಅನ್ನು ವರ್ಡ್ ಫೈಲ್ ಮಾಡಬೇಕಿತ್ತಂತೆ, ಹುಡುಕಿದಾಗ ಸಿಕ್ಕ ತಾಣ "ನೀವು ರೋಬೋಟ್ ಅಲ್ಲವೆಂದು ತೋರಿಸಿ" ಎಂದಿತಂತೆ. ಚೌಕದಲ್ಲಿ ಟಿಕ್ ಹಾಕಿದ ಮೇಲೆ ಮೂರು ಹೆಜ್ಜೆ ಹೇಳಿತು: ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ. ಹಾಗೇ ಮಾಡಿದಳು. ಒಪ್ಪಿಗೆ ಕೇಳುವ ಕಿಟಕಿ ಬಂತು, ಹೌದು ಎಂದಳು. ಪಿಡಿಎಫ್ ಮಾತ್ರ ವರ್ಡ್ ಆಗಲಿಲ್ಲ.

ವಿಂಡೋಸ್ ಕೀ ಮತ್ತು ಆರ್ ಒತ್ತಿದರೆ ತೆರೆಯುವುದು ರನ್ ಡಬ್ಬಿ. ಅಲ್ಲಿ ಬರೆದದ್ದನ್ನು ಕಂಪ್ಯೂಟರ್ ಆಜ್ಞೆಯೆಂದು ಪಾಲಿಸುತ್ತದೆ. ಹಿಂದೆ ಕೊಟ್ಟ ಆಜ್ಞೆಗಳನ್ನೂ ಅದು ನೆನಪಿಟ್ಟುಕೊಳ್ಳುತ್ತದೆ; ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ರನ್‌ಎಂಆರ್‌ಯು ಎಂಬ ಕಡೆ ಅವು ಕೂತಿರುತ್ತವೆ. ಅಕ್ಕನ ಲ್ಯಾಪ್‌ಟಾಪಿನಲ್ಲಿ ಡಬ್ಬಿ ತೆರೆದೆ. ಶನಿವಾರದ ಸಾಲು ಅಲ್ಲೇ ಇತ್ತು, ಟಿಕ್ ಹಾಕಿದಾಗ ತಾಣ ಸದ್ದಿಲ್ಲದೆ ನಕಲು ಮಾಡಿಟ್ಟದ್ದು, ಅಕ್ಕ ಕಂಟ್ರೋಲ್ ವಿ ಒತ್ತಿ ಅಂಟಿಸಿದ್ದು. ಎಂಟರ್ ಕೀಗೆ ಕೈ ತಾಗದಂತೆ ನೋಡಿಕೊಂಡು ಸಾಲಿನ ಕೊನೆಗೆ ಹೋದೆ: ಹಸಿರು ಟಿಕ್ ಗುರುತು, ಅದರ ಪಕ್ಕ "ನಾನು ರೋಬೋಟ್ ಅಲ್ಲ, ಪರಿಶೀಲನಾ ಸಂಖ್ಯೆ" ಎಂಬ ಇಂಗ್ಲಿಷ್ ಮಾತು, ಆರಂಕಿಯ ಒಂದು ಸಂಖ್ಯೆ. ಡಬ್ಬಿ ಕಿರಿದು, ಸಾಲು ಉದ್ದ. ಅಂಟಿಸಿದಾಗ ಕಣ್ಣಿಗೆ ಬೀಳುವುದು ಈ ಬಾಲ ಮಾತ್ರ. ಹೋಮ್ ಕೀ ಒತ್ತಿದೆ. ಸಾಲಿನ ತಲೆ ಕಾಣಿಸಿತು: ಪವರ್‌ಶೆಲ್ (ವಿಂಡೋಸಿನಲ್ಲಿ ಆಜ್ಞೆಗಳನ್ನು ಓಡಿಸುವ ಪ್ರೋಗ್ರಾಂ), ಕಿಟಕಿ ಮರೆಮಾಡು, ಈ ವಿಳಾಸದಿಂದ ಇಳಿಸಿಕೊಂಡು ಓಡಿಸು. ನಡುವೆ ಒಂದು # ಚಿಹ್ನೆ. ಪವರ್‌ಶೆಲ್‌ನಲ್ಲಿ ಆ ಚಿಹ್ನೆಯಿಂದಾಚೆ ಬರೆದದ್ದನ್ನು ಕಂಪ್ಯೂಟರ್ ಓದುವುದಿಲ್ಲ. ಅಂದರೆ ಮೊದಲ ಅರ್ಧ ಕಂಪ್ಯೂಟರಿಗೆ ಬರೆದದ್ದು, ಉಳಿದರ್ಧ ಅಕ್ಕನಿಗೆ ಬರೆದದ್ದು. ಅವಳು ಆ ಸಾಲನ್ನು ನೋಡುತ್ತ ಬಹಳ ಹೊತ್ತು ಸುಮ್ಮನಿದ್ದಳು.

ಇಂಥದಕ್ಕೆ ಸಿಕ್ಕಿಕೊಂಡವರನ್ನು ದಡ್ಡರೆನ್ನುವುದನ್ನು ನಾನು ಒಪ್ಪುವುದಿಲ್ಲ. ರೋಬೋಟ್ ಅಲ್ಲವೆಂದು ತೋರಿಸಲು ವರ್ಷಗಟ್ಟಲೆ ಚಿತ್ರಗಳ ಮೇಲೆ ಒತ್ತಿಸಿ, ವಕ್ರ ಅಕ್ಷರ ಓದಿಸಿ, ಪುಟ ಹೇಳಿದ್ದನ್ನು ಮಾಡುವ ಅಭ್ಯಾಸವನ್ನು ನಮಗೆ ಹಿಡಿಸಿದ್ದೇ ಈ ತಾಣಗಳು. ಕಳ್ಳ ಆ ಅಭ್ಯಾಸವನ್ನು ಬಳಸಿಕೊಂಡ. ನೆನಪಿಡಬೇಕಾದ ಗುರುತು ಒಂದೇ: ಬ್ರೌಸರಿನ ಪರೀಕ್ಷೆ ಬ್ರೌಸರಿನೊಳಗೇ ಮುಗಿಯುತ್ತದೆ, ರನ್ ಡಬ್ಬಿಯನ್ನಾಗಲಿ ಟರ್ಮಿನಲ್ ಕಿಟಕಿಯನ್ನಾಗಲಿ ಅದು ಎಂದೂ ಕೇಳುವುದಿಲ್ಲ.

ಇನ್ನೆರಡು ಸಿಕ್ಕಿದವು. ಗೊತ್ತುಮಾಡಿದ ಹೊತ್ತಿಗೆ ಕೆಲಸಗಳನ್ನು ತಾನಾಗಿ ಓಡಿಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ಅಪ್‌ಡೇಟ್ ಮಾಡುವ ಪ್ರೋಗ್ರಾಂನ ಸೋಗು ಹಾಕಿದ ಒಂದು ಕೆಲಸ. ಕಂಪ್ಯೂಟರಿಗೆ ಲಾಗಿನ್ ಆದಾಗಲೆಲ್ಲ ಅದು ಆ್ಯಪ್‌ಡೇಟಾ ಫೋಲ್ಡರಿನ ಒಂದು ಸ್ಕ್ರಿಪ್ಟ್ ಓಡಿಸುತ್ತಿತ್ತು. ಮತ್ತೆ, ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರಿನ ವಿನಾಯಿತಿ ಪಟ್ಟಿಯಲ್ಲಿ ಅದೇ ಫೋಲ್ಡರಿನ ಹೆಸರು. ಆಂಟಿವೈರಸ್ ಏನೂ ಇಲ್ಲ ಎಂದದ್ದೇಕೆಂದು ಆಗ ತಿಳಿಯಿತು: ಆ ಕೋಣೆಗೆ ಹೋಗಬೇಡ ಎಂದು ಅದಕ್ಕೆ ಮೊದಲೇ ಹೇಳಿಯಾಗಿತ್ತು. ಸೋಮವಾರ ಅಕ್ಕ ಇದೇ ಕಂಪ್ಯೂಟರಿನಲ್ಲಿ ಹಾಕಿ ಬ್ರೌಸರಿನಲ್ಲಿ ಉಳಿಸಿದ ಎರಡು ಹೊಸ ಪಾಸ್‌ವರ್ಡ್‌ಗಳೂ ಹೋಗಿವೆ ಎಂದೇ ಲೆಕ್ಕ ಹಿಡಿದೆವು.

ಕಡತಗಳನ್ನು ಹೊರತಂದ ಬಗೆ

ಇಷ್ಟು ಕಂಡ ಮೇಲೆ ಆ ವಿಂಡೋಸನ್ನು ತೊಳೆದು ಬಳಸುವ ಯೋಚನೆ ಬಿಟ್ಟೆವು. ಕಂಡ ಎರಡನ್ನು ತೆಗೆಯಬಹುದು, ಕಾಣದ ಮೂರನೆಯದರ ಗತಿಯೇನು? ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಹಾಕುವುದೇ ಸರಿ. ಅದಕ್ಕೆ ಮೊದಲು ಹನ್ನೊಂದು ವರ್ಷದ ಫೋಟೋಗಳು, ಅನುವಾದದ ಕರಡುಗಳು, ಮತ್ತು ಅಮ್ಮನಿಗೆ ಅಪ್ಪ ಬರೆದ ಪತ್ರಗಳ ಸ್ಕ್ಯಾನ್‌ಗಳು ಹೊರಬರಬೇಕಿತ್ತು. ಬ್ಯಾಕಪ್ ಎಂದು ಇದ್ದದ್ದು ಮೂರು ವರ್ಷ ಹಳೆಯದು. ಪತ್ರಗಳನ್ನು ಸ್ಕ್ಯಾನ್ ಮಾಡಿದ್ದು ಅದಾದ ಮೇಲೆ.

ನನ್ನ ಕಂಪ್ಯೂಟರಿನಲ್ಲಿ ಒಂದು ಪೆನ್‌ಡ್ರೈವಿಗೆ ವಿಂಡೋಸಿನ ಬದಲು ಬಳಸಬಹುದಾದ ಲಿನಕ್ಸ್ ಮಿಂಟ್ ಹಾಕಿ ತಂದಿದ್ದೆ. ಲ್ಯಾಪ್‌ಟಾಪನ್ನು ಅದರಿಂದ ಶುರು ಮಾಡಿದರೆ ಒಳಗಿನ ವಿಂಡೋಸ್ ಏಳುವುದೇ ಇಲ್ಲ, ಅದರ ಜೊತೆ ಏಳುವ ಕಳ್ಳನೂ ಏಳುವುದಿಲ್ಲ. ಡಿಸ್ಕ್ ಸುಮ್ಮನೆ ಕಡತಗಳ ಕಪಾಟಾಗುತ್ತದೆ. ಆದರೆ ಅದು ವಿಂಡೋಸಿನ ಗೂಢಲಿಪಿ ಸೌಲಭ್ಯವಾದ ಬಿಟ್‌ಲಾಕರ್‌ನಿಂದ ಬೀಗ ಹಾಕಿದ ಡಿಸ್ಕ್, 48 ಅಂಕಿಯ ಕೀ ಕೇಳಿತು. ಅಕ್ಕನಿಗೆ ಅಂಥದೊಂದು ಇದೆಯೆಂದೇ ಗೊತ್ತಿರಲಿಲ್ಲ. ಅದು ಅವಳ ಮೈಕ್ರೋಸಾಫ್ಟ್ ಖಾತೆಯಲ್ಲಿ ಇತ್ತು. ಆ ಖಾತೆಯನ್ನು ಬೆಳಿಗ್ಗೆಯೇ ಫೋನಿನಿಂದ ಭದ್ರ ಮಾಡಿಕೊಂಡಿದ್ದರಿಂದ ಕೀ ಸಿಕ್ಕಿತು. ಕಳ್ಳ ಅಷ್ಟರಲ್ಲಿ ಆ ಖಾತೆಯ ಪಾಸ್‌ವರ್ಡ್ ಬದಲಿಸಿದ್ದರೆ ಕೀ ಅಲ್ಲಿಂದ ಸುಲಭವಾಗಿ ಸಿಗುತ್ತಿರಲಿಲ್ಲ. ನಿಮ್ಮ ಕಂಪ್ಯೂಟರಿಗೂ ಈ ಕೀ ಇದೆಯೇ ಎಂದು ಇವತ್ತೇ ನೋಡಿ, ಕಾಗದದ ಮೇಲೆ ಬರೆದಿಡಿ.

ವಿಂಡೋಸನ್ನು ಮಾಮೂಲಾಗಿ ಶಟ್‌ಡೌನ್ ಮಾಡಿದರೆ ಫಾಸ್ಟ್ ಸ್ಟಾರ್ಟಪ್‌ನಿಂದಾಗಿ ಅದು ಅರೆನಿದ್ದೆಯಲ್ಲಿರುತ್ತದೆ. ಲಿನಕ್ಸ್ ಆ ಡಿಸ್ಕನ್ನು ಓದಲು ಮಾತ್ರ ಬಿಡಬಹುದು. ನಮಗೆ ಬೇಕಾಗಿದ್ದೂ ಓದುವುದಷ್ಟೇ.

ಏನನ್ನು ತೆಗೆದುಕೊಳ್ಳಬೇಕು ಎಂಬುದಕ್ಕೆ ಒಂದು ನಿಯಮ ಇಟ್ಟುಕೊಂಡೆವು: ಅಕ್ಕ ತಾನೇ ಮಾಡಿದ್ದು ಬರಲಿ, ಇಳಿಸಿಕೊಂಡದ್ದು ಅಲ್ಲೇ ಇರಲಿ. ಫೋಟೋ, ಸ್ಕ್ಯಾನ್, ಕರಡು ಬಂದವು. ಪ್ರೋಗ್ರಾಂಗಳು, ಇನ್‌ಸ್ಟಾಲ್ ಮಾಡುವ ಫೈಲುಗಳು, ಜಿಪ್‌ಗಳು, ಮ್ಯಾಕ್ರೋ (ಫೈಲಿನೊಳಗೇ ಅಡಗಿದ ಆಜ್ಞೆಗಳು) ಇರುವ ವರ್ಡ್ ಫೈಲುಗಳು, ಡೌನ್‌ಲೋಡ್ಸ್ ಫೋಲ್ಡರು ಯಾವುದೂ ಬರಲಿಲ್ಲ. ಫೈಲಿನ ಹೆಸರಿನ ಬಾಲವನ್ನು ವಿಂಡೋಸ್ ತಾನಾಗಿಯೇ ಮರೆಮಾಡಿರುತ್ತದೆ, ಹಾಗಾಗಿ ಪಿಡಿಎಫ್ ಎಂದು ಕಾಣುವುದರ ಹಿಂದೆ ಡಾಟ್ ಇಎಕ್ಸ್‌ಇ ಅಡಗಿರಬಹುದು. ಲಿನಕ್ಸ್‌ನಲ್ಲಿ ಪೂರ್ತಿ ಹೆಸರು ಕಾಣುತ್ತದೆ. ಒಂದೊಂದೇ ಫೋಲ್ಡರನ್ನು ಬಾಲದ ಪ್ರಕಾರ ಜೋಡಿಸಿ ನೋಡಿ ಮುಂದೆ ಹೋದೆವು.

ಹೊಸ ಹಾರ್ಡ್ ಡಿಸ್ಕಿಗೆ ನಕಲಾಗಲು ಎರಡು ಗಂಟೆ ಹಿಡಿಯಿತು. ಎರಡೂ ಕಡೆ ಫೈಲುಗಳ ಸಂಖ್ಯೆ ಎಣಿಸಿ ತಾಳೆ ನೋಡಿ, ಅಲ್ಲಿ ಇಲ್ಲಿ ನಲವತ್ತು ಫೈಲು ತೆರೆದೆವು. ಅಪ್ಪನ ಪತ್ರವೊಂದು ಪರದೆ ತುಂಬ ಬಂತು; ಮಡಿಕೆಯ ಗೆರೆಯಲ್ಲಿ ಶಾಯಿ ಹಾರಿಹೋದ ಜಾಗ, ಅಂಚಿನಲ್ಲಿ ಅಮ್ಮ ಪೆನ್ಸಿಲಿನಲ್ಲಿ ಬರೆದ ಲೆಕ್ಕ. ಮೂಲ ಪತ್ರದಲ್ಲಿ ಆ ಪೆನ್ಸಿಲ್ ಗುರುತು ಈಗ ಮಾಸಿದೆ. ಅಕ್ಕ ಇನ್ನೊಂದು ಡಿಸ್ಕ್ ತಂದು ಕೊಟ್ಟಳು. ಎರಡನೇ ಪ್ರತಿಯೂ ಆದ ಮೇಲೆಯೇ ಅಳಿಸುವ ಮಾತು.

ಹೊಸ ವಿಂಡೋಸನ್ನು ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ, ನನ್ನ ಕಂಪ್ಯೂಟರಿನಲ್ಲಿ ತಯಾರಿಸಿದ 8 ಜಿಬಿ ಪೆನ್‌ಡ್ರೈವಿನ ಮೂಲಕ ಹಾಕಿದೆವು. ಕೇಳಿದಾಗ ಹಳೆಯ ಪಾರ್ಟಿಶನ್‌ಗಳನ್ನೆಲ್ಲ ಅಳಿಸಿ ಖಾಲಿ ಜಾಗದಲ್ಲಿ. ಡಿಸ್ಕಿನಲ್ಲಲ್ಲ, ಮದರ್‌ಬೋರ್ಡಿನ ಚಿಪ್‌ನಲ್ಲಿರುವ ಫರ್ಮ್‌ವೇರ್ ಎಂಬ ತಂತ್ರಾಂಶದಲ್ಲೇ ಕೂತು ಇದನ್ನೂ ದಾಟಿ ಬದುಕುವ ಕುತಂತ್ರಾಂಶಗಳು ಇಲ್ಲದಿಲ್ಲ. 2018ರಲ್ಲಿ ಪತ್ತೆಯಾದ ಲೋಜ್ಯಾಕ್ಸ್ ಅಂಥದು. ಅದರ ಗುರಿ ಸರ್ಕಾರಿ ಸಂಸ್ಥೆಗಳಾಗಿದ್ದವು. ಮನೆಯ ಕಂಪ್ಯೂಟರಿಗೆ ಆ ಭಯ ಹಚ್ಚಿಕೊಂಡು ಯಂತ್ರವನ್ನೇ ಎಸೆಯಬೇಕಾಗಿಲ್ಲ. ಬ್ರೌಸರ್ ಸಿಂಕ್ ಬಗ್ಗೆ ಮಾತ್ರ ಎಚ್ಚರ ಬೇಕು: ಹೊಸ ಕಂಪ್ಯೂಟರಿನಲ್ಲಿ ಬ್ರೌಸರಿಗೆ ಲಾಗಿನ್ ಆದ ಕೂಡಲೇ ಹಳೆಯ ಎಕ್ಸ್‌ಟೆನ್ಶನ್‌ಗಳು (ಬ್ರೌಸರಿಗೆ ಸೇರಿಸಿದ ಪುಟ್ಟ ಪ್ರೋಗ್ರಾಂಗಳು) ತಾವಾಗಿ ವಾಪಸ್ ಬರುತ್ತವೆ. ಎಕ್ಸ್‌ಟೆನ್ಶನ್‌ಗಳ ಸಿಂಕ್ ನಿಲ್ಲಿಸಿ, ಬೇಕಾದ ಎರಡನ್ನು ಕೈಯಾರೆ ಹಾಕಿದೆವು. ರೌಟರಿನ ಅಡ್ಮಿನ್ ಪಾಸ್‌ವರ್ಡ್ ಕೊಂಡಾಗ ಇದ್ದದ್ದೇ ಇತ್ತು, ಬದಲಿಸಿದೆವು. ತಾಣದ ಹೆಸರು ಹೇಳಿದರೆ ಅದರ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸೆಟ್ಟಿಂಗನ್ನು ಯಾರೂ ಮುಟ್ಟಿರಲಿಲ್ಲ.

ವಾಪಸ್ ಬಾರದ್ದು

ಬುಧವಾರ ಕಾಗದ ಪೆನ್ನು ಹಿಡಿದು ಕೂತೆವು. ಬ್ರೌಸರಿನಲ್ಲಿ ಪಾಸ್‌ವರ್ಡ್ ಉಳಿಸಿದ್ದ ಖಾತೆಗಳು ಅರವತ್ತಮೂರು. ಹಣದವು ಮೊದಲು, ಆಮೇಲೆ ಕೆಲಸದವು, ಆಮೇಲೆ ಬೇರೆಯವರ ಮಾಹಿತಿ ಇರುವಂಥವು. ಬ್ಯಾಂಕಿಗೆ ಫೋನ್ ಮಾಡಿ, ಬ್ರೌಸರಿನಲ್ಲಿದ್ದ ಕಾರ್ಡನ್ನು ಬದಲಿಸಿಕೊಂಡದ್ದು ಮಂಗಳವಾರವೇ ಆಗಿತ್ತು. ಬಳಸದೆ ಬಿದ್ದಿದ್ದ ಇಪ್ಪತ್ತೆರಡು ಖಾತೆಗಳನ್ನು ಮುಚ್ಚಿಯೇಬಿಟ್ಟಳು. ಫೋಟೋ ಖಾತೆಯಿಂದ ಸಂದೇಶ ಹೋದವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಇದನ್ನು ಅವಳೇ ನಿರ್ಧರಿಸಿದ್ದು, ನಾನು ಹೇಳಿದ್ದಲ್ಲ. ಕದ್ದ ಖಾತೆಯಿಂದ ಹೋದ ಮಾತನ್ನು ಅದೇ ಖಾತೆಯಿಂದ ಅಲ್ಲಗಳೆದರೆ ಯಾರು ನಂಬುತ್ತಾರೆ?

ಕಷ್ಟವಾದದ್ದು ಡೆಸ್ಕ್‌ಟಾಪಿನ ವಿಷಯ. ಅಲ್ಲಿ ಪಾಸ್‌ವರ್ಡ್ಸ್ ಎಂದೇ ಹೆಸರಿಟ್ಟ ಒಂದು ಟೆಕ್ಸ್ಟ್ ಫೈಲಿತ್ತು. ಗುರುತಿನ ಚೀಟಿಗಳ ಸ್ಕ್ಯಾನ್ ಇದ್ದವು, ಅಕ್ಕನದು, ಭಾವನದು. ಪಾಸ್‌ವರ್ಡ್ ಬದಲಿಸಬಹುದು, ಹುಟ್ಟಿದ ದಿನಾಂಕವನ್ನು ಬದಲಿಸಲಾಗದು. ಅವು ಹೋಗಿಲ್ಲ ಎನ್ನಲು ಯಾವ ಪುರಾವೆಯೂ ಇಲ್ಲದಿರುವಾಗ ಹೋಗಿವೆ ಎಂದೇ ನಡೆದುಕೊಳ್ಳಬೇಕು. ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿ ಇಟ್ಟುಕೊಂಡರು. ನಾಳೆ ಆ ಚೀಟಿಗಳ ಹೆಸರಲ್ಲಿ ಯಾರಾದರೂ ಸಾಲ ತೆಗೆದರೆ ತೋರಿಸಲು ತಾರೀಖು ಬಿದ್ದ ಕಾಗದವೊಂದು ಬೇಕು. ಅಂಥ ಸ್ಕ್ಯಾನ್‌ಗಳು ಈಗ ವೆರಾಕ್ರಿಪ್ಟ್ ಎಂಬ ಗೂಢಲಿಪಿ ತಂತ್ರಾಂಶದ ಬೀಗ ಹಾಕಿದ ಪೆಟ್ಟಿಗೆಯೊಳಗಿವೆ, ಬೇಕಾದಾಗ ಮಾತ್ರ ತೆರೆಯುತ್ತಾಳೆ.

ಹತ್ತು ದಿನದ ಮೇಲೆ ಇನ್ನೊಂದು ಮೇಲ್ ಬಂತು. "ನಿನ್ನ ಕ್ಯಾಮೆರಾದಿಂದ ವಿಡಿಯೋ ಮಾಡಿದ್ದೇನೆ, ಹಣ ಕಳಿಸು" ಎಂದು, ಜೊತೆಗೆ ಅವಳದೇ ಒಂದು ಪಾಸ್‌ವರ್ಡ್. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಳು, ಧ್ವನಿ ನಡುಗುತ್ತಿತ್ತು. ಆ ಪಾಸ್‌ವರ್ಡ್ ಅವಳು ಎಂಟು ವರ್ಷದ ಹಿಂದೆ ಬಿಟ್ಟದ್ದು. ಸೋರಿದ ಪಟ್ಟಿಗಳಲ್ಲಿ ನಮ್ಮ ಮೇಲ್ ವಿಳಾಸ ಇದೆಯೇ ಎಂದು ತಿಳಿಸುವ, 2013ರಲ್ಲಿ ಟ್ರಾಯ್ ಹಂಟ್ ಶುರು ಮಾಡಿದ ಹ್ಯಾವ್ ಐ ಬೀನ್ ಪೋನ್ಡ್ ತಾಣದಲ್ಲಿ ಅವಳ ಮೇಲ್ ವಿಳಾಸ ಹಾಕಿ ನೋಡಿದರೆ, ಆ ಕಾಲದ ಒಂದು ಹಳೆಯ ಸೋರಿಕೆಯಲ್ಲಿ ಅದು ಇತ್ತು. ಸೋರಿದ ಪಟ್ಟಿ ಹಿಡಿದು ಲಕ್ಷಾಂತರ ಜನರಿಗೆ ಒಂದೇ ಬೆದರಿಕೆ ಕಳಿಸುವವರ ಕೆಲಸ ಅದು, ಶನಿವಾರದ ಕಳ್ಳನಿಗೂ ಇದಕ್ಕೂ ಸಂಬಂಧ ಕಾಣಲಿಲ್ಲ. ಉತ್ತರ ಕೊಡದೆ ಬಿಟ್ಟೆವು. ಒಮ್ಮೆ ಪೆಟ್ಟು ತಿಂದವರಿಗೆ ಇಂಥ ಮೇಲ್ ಎಷ್ಟು ಹೆದರಿಕೆ ಹುಟ್ಟಿಸುತ್ತದೆ ಎಂಬುದು ಅವತ್ತು ಅರ್ಥವಾಯಿತು.

ಈಗ ಅಕ್ಕನ ಪಾಸ್‌ವರ್ಡ್‌ಗಳು ಬ್ರೌಸರಿನಲ್ಲಿಲ್ಲ, ಬೇರೆ ಪಾಸ್‌ವರ್ಡ್ ಮ್ಯಾನೇಜರಿನಲ್ಲಿವೆ. ಮೇಲ್‌ಗೆ ಪಾಸ್‌ಕೀ ಇದೆ, ಅಂದರೆ ಪಾಸ್‌ವರ್ಡ್ ಬದಲು ಸಾಧನವೇ ಗುರುತು ಹೇಳುವ ಕೀಲಿ. ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ಖಾತೆ. ಇದಿದ್ದರೆ ಅಂದು ಡಿಫೆಂಡರಿಗೆ ವಿನಾಯಿತಿ ಹಾಕುವ ಮುನ್ನ ಇನ್ನೊಂದು ಪಾಸ್‌ವರ್ಡ್ ಕೇಳುತ್ತಿತ್ತು, ಅವಳು ಒಂದು ಕ್ಷಣ ತಡೆಯುತ್ತಿದ್ದಳೇನೋ. ಆದರೆ ಕುಕಿ ಕದಿಯಲು ಅಡ್ಮಿನ್ ಅಧಿಕಾರವೇ ಬೇಡ, ಪಾಸ್‌ಕೀಯೂ ಕದ್ದ ಚೀಟಿಯನ್ನು ತಡೆಯದು. ಅದಕ್ಕಾಗಿ ಬ್ಯಾಂಕು, ಮೇಲ್ ಎರಡನ್ನೂ ಲ್ಯಾಪ್‌ಟಾಪಿನಲ್ಲಿ ಕೆಲಸ ಮುಗಿದೊಡನೆ ಲಾಗೌಟ್ ಮಾಡುತ್ತಾಳೆ. ಸರಿಯಾಗಿ ಲಾಗೌಟ್ ಆದರೆ ಚೀಟಿ ರದ್ದಾಗುತ್ತದೆ, ಕದಿಯಲು ಏನೂ ಉಳಿಯುವುದಿಲ್ಲ.

ಬ್ಯಾಕಪ್‌ಗೆ ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದ 3-2-1 ಲೆಕ್ಕ ಹಿಡಿದಿದ್ದಾಳೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಾಚೆ. ಮನೆಯಾಚೆಯದು ನನ್ನ ಕಪಾಟಿನಲ್ಲಿದೆ. ಅವಳ ಮನೆಯ ಡಿಸ್ಕ್ ನಕಲು ಮುಗಿದ ಕೂಡಲೇ ಕಳಚಿಡುವಂಥದು. ಸದಾ ಸಿಕ್ಕಿಸಿಟ್ಟರೆ ಕಂಪ್ಯೂಟರಿಗೆ ಹೊಕ್ಕವನು ಅದಕ್ಕೂ ಹೊಗುತ್ತಾನೆ. ತಿಂಗಳಿಗೊಮ್ಮೆ ಬ್ಯಾಕಪ್ ಮಾಡಿದ ದಿನ ಅದರಿಂದ ಒಂದು ಫೈಲು ವಾಪಸ್ ತೆಗೆದು ತೆರೆದು ನೋಡುತ್ತಾಳೆ, ಹಾಗೇ ಮೇಲ್‌ನ ಸಾಧನಗಳ ಪಟ್ಟಿಯನ್ನೂ. ಮೊನ್ನೆ ಆ ಪಟ್ಟಿಯ ಸ್ಕ್ರೀನ್‌ಶಾಟ್ ಕಳಿಸಿದ್ದಳು. ಎರಡೇ ಸಾಲು ಇದ್ದವು. ಕೆಳಗೆ ಅಪ್ಪನ ಪತ್ರವೊಂದರ ಚಿತ್ರ, ಆ ತಿಂಗಳು ತೆರೆದು ನೋಡಿದ್ದು ಅದನ್ನಂತೆ.